ಇಂಗು ಹಾಕಿದರೆ ಮರದ ಬೊಡ್ಡೆ ಸಾಯುತ್ತದೆಯೇ?

ಅಂಗಳದ ಮರ ಕಡಿಸಿದ ಮೇಲೆ ಉಳಿದ ಬೊಡ್ಡೆಯಲ್ಲಿ ತೂತು ಕೊರೆದು ಇಂಗು ತುಂಬಿದರೆ, ಅದು ಬೇರುಸಹಿತ ಒಣಗುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಇದು ನಿಜವೇ?

ಇಂಗು ಫೆರುಲಾ ಜಾತಿಯ ಗಿಡಗಳ ಬೇರಿನಿಂದ ಒಸರುವ ಅಂಟು. ಅದು ಮರಕ್ಕೆ ವಿಷವಲ್ಲ. ಎಷ್ಟೋ ಬೊಡ್ಡೆಗಳು ತಾವಾಗಿಯೇ ಸಾಯುತ್ತವೆ. ಹೆಸರು ಮಾತ್ರ ಇಂಗಿಗೆ ಬರುತ್ತದೆ. ಉಪ್ಪು ಸುರಿದರೆ ಬೇರಿಗೆ ಹಾನಿಯಾಗಬಹುದು, ಆದರೆ ಮಳೆನೀರಿನೊಂದಿಗೆ ಹರಿದು ಪಕ್ಕದ ಗಿಡ, ಮಣ್ಣನ್ನೂ ಕೆಡಿಸುತ್ತದೆ.

ಬೊಡ್ಡೆ ಮತ್ತೆ ಚಿಗುರುವುದು ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ. ತೊಗಟೆಯಡಿ ಮಲಗಿದ್ದ ಮೊಗ್ಗುಗಳು ಆ ಆಹಾರ ಬಳಸಿ ಏಳುತ್ತವೆ. ಎಲೆ ಬಲಿಯುವ ಮೊದಲೇ ಚಿಗುರನ್ನು ಮತ್ತೆ ಮತ್ತೆ ಮುರಿದರೆ ದಾಸ್ತಾನು ಬರಿದಾಗಿ ಬೇರು ಸಾಯುತ್ತದೆ. ಕಡಿಯುವ ಮೊದಲೇ ಕಾಂಡದ ಸುತ್ತ ತೊಗಟೆಯನ್ನು ಪಟ್ಟಿಯಾಗಿ ಸುಲಿಯುವುದು ಇನ್ನೊಂದು ದಾರಿ. ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯದೆ ಬೇರು ಹಸಿಯುತ್ತದೆ. ಆದರೆ ನಿಂತಲ್ಲೇ ಒಣಗಿದ ಮರ ಗಾಳಿಗೆ ಮುರಿಯಬಹುದು. ಮನೆಗೆ ತಾಗಿದ ಮರಕ್ಕೆ ಇದು ಬೇಡ.

ಆಲೂರು ತಾಲ್ಲೂಕಿನ ಕುಂದೂರಿನಂಥ ಮಲೆನಾಡಿನ ಊರಲ್ಲಿ ಬೊಡ್ಡೆ ಎಲ್ಲಿದೆ ಎಂಬುದೇ ಮುಖ್ಯ. ಕಾಫಿ ಗಿಡಗಳ ಪಕ್ಕದಲ್ಲಿದ್ದರೆ ಕೊಳೆಯಲು ಬಿಡಬಾರದು. ಕಂದು ಬೇರು ರೋಗದ ಶಿಲೀಂಧ್ರ ಹಳೆಯ ಬೊಡ್ಡೆಯಲ್ಲಿ ಉಳಿದು, ಬೇರಿಗೆ ಬೇರು ತಾಗಿದಲ್ಲಿ ಕಾಫಿಗೆ ದಾಟುತ್ತದೆ. ಅಲ್ಲಿ ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ಅಗೆದು ತೆಗೆಯುವುದೇ ಸರಿ.

ಮನೆಯ ಹಿಂದಿನ ಧರೆಯ ಮೇಲಿದ್ದರೆ ಲೆಕ್ಕ ತಿರುಗುಮುರುಗು. ಜೆಸಿಬಿಯಿಂದ ಕಿತ್ತರೆ ಮಣ್ಣು ಸಡಿಲಾಗಿ ಮಳೆಗಾಲದಲ್ಲಿ ಕುಸಿಯಬಹುದು. ಸತ್ತ ಬೇರೂ ಕೊಳೆಯುತ್ತಾ ಹಿಡಿತ ಬಿಡುತ್ತದೆ. ಅಲ್ಲಿ ಬೊಡ್ಡೆಯನ್ನು ಕೊಲ್ಲುವ ಬದಲು ಚಿಗುರಲು ಬಿಟ್ಟು, ಎತ್ತರ ಬೆಳೆಯದಂತೆ ಸವರುತ್ತಿದ್ದರೆ ಜೀವಂತ ಬೇರು ಮಣ್ಣನ್ನು ಹಿಡಿದಿರುತ್ತದೆ.

ಮರ ನಮ್ಮ ಅಂಗಳದ್ದೇ ಆದರೂ ಕಾನೂನು ಅನ್ವಯಿಸುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ಸಿಲ್ವರ್ ಓಕ್, ತೆಂಗಿನಂಥ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದವನ್ನು ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೊಡಲಿ ಎತ್ತುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಇಂಗು ಸಾರಿಗಿರಲಿ.