ತೀರಿಕೊಂಡವರನ್ನು ಅವರು ಕೇಳಿದಾಗ

ನೆನಪು, ಭಾಷೆ, ವಿವೇಚನೆ ಮುಂತಾದ ಮಿದುಳಿನ ಶಕ್ತಿಗಳು ಕ್ರಮೇಣ ಕುಂದಿ, ದಿನನಿತ್ಯದ ಬದುಕಿಗೂ ಇನ್ನೊಬ್ಬರನ್ನು ಆಶ್ರಯಿಸಬೇಕಾಗಿ ಬರುವ ಸ್ಥಿತಿಯನ್ನು ಡಿಮೆನ್ಷಿಯಾ ಎನ್ನುತ್ತಾರೆ. ಆಲ್ಝೈಮರ್ ಕಾಯಿಲೆ ಅದಕ್ಕೆ ಅತಿ ಸಾಮಾನ್ಯವಾದ ಕಾರಣ. ಈ ಸ್ಥಿತಿಯಲ್ಲಿರುವ ತಾಯಿ, ಎಂದೋ ತೀರಿಕೊಂಡ ಗಂಡನನ್ನು ನೆನೆದು "ನಿಮ್ಮಪ್ಪ ಯಾಕಿನ್ನೂ ಬರಲಿಲ್ಲ?" ಎಂದು ಕೇಳಿದಾಗ ಮಕ್ಕಳು ಆ ತಪ್ಪು ಗ್ರಹಿಕೆಯನ್ನು ತಿದ್ದಬೇಕೇ, ತಿದ್ದದೆ ಅವರ ಮಾತಿನ ಜಾಡಿನಲ್ಲೇ ಸಾಗಬೇಕೇ ಎಂಬುದು ಆರೈಕೆಯ ಚರ್ಚೆಗಳಲ್ಲಿ ಇಂದಿಗೂ ಇತ್ಯರ್ಥವಾಗದ ಪ್ರಶ್ನೆ.

ಪರ: ತಿದ್ದದೆ ಜೊತೆಗೆ ಸಾಗಬೇಕು

ಹೊಸ ನೆನಪುಗಳನ್ನು ರೂಪಿಸುವ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗವನ್ನು ಆಲ್ಝೈಮರ್ ಕಾಯಿಲೆ ಬಹು ಬೇಗ ಹಾಳುಗೆಡವುವುದರಿಂದ, ಸಾವಿನ ಸುದ್ದಿಯನ್ನು ಎಷ್ಟು ಸಲ ಹೇಳಿದರೂ ಅದು ನಿಲ್ಲುವುದಿಲ್ಲ. ಪ್ರತಿ ಸಲವೂ ಆ ತಾಯಿ ಗಂಡನನ್ನು ಅಂದೇ ಕಳೆದುಕೊಂಡಂತೆ ದುಃಖಿಸುತ್ತಾರೆ. ಸುದ್ದಿ ಮರೆತರೂ ಸಂಕಟ ಹೋಗುವುದಿಲ್ಲವೆಂಬುದು ಇನ್ನೂ ಗಂಭೀರವಾದ ವಿಷಯ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಲ್ಝೈಮರ್ ರೋಗಿಗಳು ತಾವು ನೋಡಿದ ಚಲನಚಿತ್ರದ ತುಣುಕುಗಳನ್ನು ಬಹುಮಟ್ಟಿಗೆ ಮರೆತ ಮೇಲೂ ಅವು ಹುಟ್ಟಿಸಿದ ದುಃಖವೋ ಸಂತೋಷವೋ ಅವರಲ್ಲಿ ಉಳಿದುಕೊಂಡಿತ್ತು.

ಅಮೆರಿಕದ ಸಮಾಜಕಾರ್ಯಕರ್ತೆ ನೇಯೋಮಿ ಫೈಲ್ 1960ರ ದಶಕದಿಂದ ರೂಪಿಸುತ್ತ ಬಂದ ವ್ಯಾಲಿಡೇಷನ್ ವಿಧಾನ, ಎಂದರೆ ಮಾತಿನ ಸತ್ಯಾಸತ್ಯಕ್ಕಿಂತ ಅದರ ಹಿಂದಿನ ಭಾವವನ್ನು ಮಾನ್ಯ ಮಾಡುವ ಕ್ರಮ, ಈ ತಿಳಿವಳಿಕೆಗೆ ಹತ್ತಿರವಾದದ್ದು. ತಿದ್ದದಿರುವುದೆಂದರೆ ಸುಳ್ಳು ಹೇಳುವುದೆಂದಲ್ಲ, "ಅಪ್ಪನಿಗೆ ಯಾವ ಸಾರು ಇಷ್ಟ ಇತ್ತಮ್ಮ?" ಎಂದು ಕೇಳುವ ಮಗಳು ಸತ್ಯವನ್ನು ಮೀರದೆಯೇ ತಾಯಿಯ ಹಂಬಲಕ್ಕೆ ಜೊತೆಯಾಗುತ್ತಾಳೆ. ಸ್ವಂತ ಮನೆಯಲ್ಲಿದ್ದುಕೊಂಡೇ "ಮನೆಗೆ ಹೋಗಬೇಕು" ಎಂದು ಹಟ ಹಿಡಿಯುವವರ ಮಾತಿನ ಹಿಂದೆ ಹಸಿವೋ ನೋವೋ ಶೌಚದ ಅವಸರವೋ ಇರಬಹುದಾಗಿದ್ದು, "ಇದೇ ನಿಮ್ಮ ಮನೆ" ಎಂದು ವಾದಿಸುತ್ತ ಕುಳಿತರೆ ಅದು ಗಮನಕ್ಕೇ ಬರುವುದಿಲ್ಲ.

ವಿರೋಧ: ಜೊತೆಗೆ ಸಾಗುವುದು ಮೋಸಕ್ಕೆ ಜಾರುತ್ತದೆ

ಮೇಲಿನ ವಾದದ ಕರುಣೆಯನ್ನು ಅಲ್ಲಗಳೆಯಲಾಗದು. ಆದರೆ ದಣಿದ ಮನೆಯವರ ಬಾಯಲ್ಲಿ ಸಾರಿನ ಪ್ರಶ್ನೆಯ ಜಾಗಕ್ಕೆ "ಅಪ್ಪ ಸಂಜೆ ಬರ್ತಾರೆ" ಎಂಬ ಉತ್ತರ ಬರಲು ಹೆಚ್ಚು ಕಾಲ ಬೇಕಿಲ್ಲ, ಮತ್ತು ಸಂಜೆಯಾದರೂ ಅಪ್ಪ ಬರುವುದಿಲ್ಲ. ಡಿಮೆನ್ಷಿಯಾದಲ್ಲಿ ತಿಳಿವು ಒಂದೇ ಮಟ್ಟದಲ್ಲಿರದೆ ಏರಿಳಿಯುವುದರಿಂದ, ತಿಳಿಯಾದ ಗಳಿಗೆಯೊಂದರಲ್ಲಿ ಸುಳ್ಳು ಬಯಲಾದರೆ, ಮೊದಲೇ ಸಂಶಯಕ್ಕೆ ಎಡೆಮಾಡುವ ಈ ರೋಗದಲ್ಲಿ ನಂಬಲು ಉಳಿದಿದ್ದ ಒಬ್ಬರೂ ಕೈತಪ್ಪುತ್ತಾರೆ. ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1997ರ ತಮ್ಮ ಗ್ರಂಥದಲ್ಲಿ, ರೋಗಿಯ ವ್ಯಕ್ತಿತ್ವವನ್ನು ಕುಗ್ಗಿಸುವ ನಡವಳಿಕೆಗಳ ಪಟ್ಟಿಗೆ ವಂಚನೆಯನ್ನೂ ಸೇರಿಸಿದ್ದಾರೆ. ಜರ್ಮನಿಯ ಡುಸೆಲ್ಡಾರ್ಫ್‌ನ ವೃದ್ಧಾಶ್ರಮವೊಂದು, ಮನೆಗೆಂದು ಹೊರಟುಬಿಡುವ ನಿವಾಸಿಗಳಿಗಾಗಿ ಯಾವ ಬಸ್ಸೂ ಬಾರದ ತಂಗುದಾಣವನ್ನು ನಿರ್ಮಿಸಿತು. ಅಲ್ಲಿ ಕುಳಿತವರು ಹೊರಟ ಕಾರಣವನ್ನೇ ಮರೆತು ಒಳಗೆ ಮರಳುವುದರಿಂದ ಅಪಾಯ ತಪ್ಪುತ್ತದೆಂಬುದು ನಿಜವಾದರೂ, ಅವರ ಮರೆವನ್ನೇ ಅವರ ವಿರುದ್ಧ ಬಳಸಿದ ಏರ್ಪಾಟು ಅದೆಂಬುದನ್ನು ಕಡೆಗಣಿಸಲಾಗದು.

ದಿನ, ಸ್ಥಳ, ಸುತ್ತಲಿನವರ ಗುರುತುಗಳನ್ನು ಕ್ಯಾಲೆಂಡರ್, ಗಡಿಯಾರ, ಮಾತುಗಳ ಮೂಲಕ ನೆನಪಿಸುವ ರಿಯಾಲಿಟಿ ಓರಿಯೆಂಟೇಷನ್ ವಿಧಾನವನ್ನು ಒರಟಾಗಿ ಬಳಸಿದಾಗ ಅದು ನೋಯಿಸುತ್ತದೆಂಬುದು ದಿಟ. ಹಾಗಿದ್ದರೂ ರೋಗದ ಆರಂಭದಲ್ಲಿ ಹಣ, ಔಷಧ, ಆಸ್ತಿಯ ವಿಚಾರಗಳಲ್ಲಿ ನಿಜವನ್ನು ಮೃದುವಾಗಿ ಹೇಳುವುದು ಅವರ ಹಕ್ಕಿಗೆ ಸಲ್ಲಬೇಕಾದ ಗೌರವ. ಮುಂದೆ ತಮಗೆ ಎಷ್ಟು ನಿಜ ಹೇಳಬೇಕೆಂದು ರೋಗಿಯನ್ನೇ ಕೇಳಿ ತಿಳಿಯಬಹುದಾದ ಕಾಲವೂ ಅದೇ. ಅನೇಕ ಕುಟುಂಬಗಳು ಅವರಿಂದ ರೋಗದ ಹೆಸರನ್ನೇ ಮುಚ್ಚಿಟ್ಟು ಆ ಕಾಲವನ್ನು ಕಳೆದುಬಿಡುತ್ತವೆ.