ಗಾಜು ಊದಿದವರ ಹೆಸರು ಎಲ್ಲಿ?

ಆರ್ಟ್ ಗ್ಯಾಲರಿಗೆ ಹೋದರೆ ಕಲಾಕೃತಿಯ ಪಕ್ಕದಲ್ಲಿ ಒಂದು ಸಣ್ಣ ಚೀಟಿ ಅಂಟಿಸಿರ್ತಾರೆ. ಕಲಾವಿದರ ಹೆಸರು, ಇಸವಿ, ಅದರ ಕೆಳಗೆ ‘ಗಾಜು, ಬೆಳಕು’. ಗಾಜು ತಾನಾಗೇ ನಡೆದು ಬಂದು ಅಲ್ಲಿ ನಿಂತಿತೇನೋ ಅನ್ನೋ ಹಾಗೆ! ನನ್ನ ತಕರಾರು ಇರೋದು ಈ ಚೀಟಿಯ ಮೇಲೆ.

ಅಮೆರಿಕದ ಡ್ಯಾನ್ ಫ್ಲೇವಿನ್ 1963ರಿಂದ ಅಂಗಡಿಯಲ್ಲಿ ಸಿಗೋ ಟ್ಯೂಬ್‌ಲೈಟುಗಳನ್ನೇ ಜೋಡಿಸಿ ಕಲಾಕೃತಿ ಮಾಡಿದರು. ಟ್ಯೂಬ್ ಸುಟ್ಟು ಹೋದರೆ ಬೇರೆ ಹಾಕಬಹುದು. ಆದರೆ ಕಲಾವಿದರು ಕೊಟ್ಟ ಸರ್ಟಿಫಿಕೇಟ್ ಕಳೆದರೆ ಮಾರುಕಟ್ಟೆಯಲ್ಲಿ ಅದು ಬರೀ ಟ್ಯೂಬ್‌ಲೈಟ್. ಅಂದರೆ ಕಾಗದದ ಮೇಲಿನ ಹೆಸರಿಗೆ ಎಷ್ಟು ಬೆಲೆ ಅನ್ನೋದು ಕಲಾಲೋಕಕ್ಕೆ ಚೆನ್ನಾಗೇ ಗೊತ್ತು.

ಗಾಜಿನ ಕಲೆಯಲ್ಲಿ ದೊಡ್ಡ ಹೆಸರು ಡೇಲ್ ಚಿಹುಲಿ. 1976ರ ಕಾರು ಅಪಘಾತದಲ್ಲಿ ಅವರ ಎಡಗಣ್ಣಿನ ದೃಷ್ಟಿ ಹೋಯಿತು, 1979ರಲ್ಲಿ ಭುಜಕ್ಕೂ ಪೆಟ್ಟಾಯಿತು. ಆಮೇಲೆ ಗಾಜು ಊದಿದ್ದು ಅವರ ತಂಡ. ಅವರು ಇದನ್ನು ಮುಚ್ಚಿಟ್ಟವರಲ್ಲ. ಕಲಾವಿದ ಎಲ್ಲವನ್ನೂ ತನ್ನ ಕೈಯಲ್ಲೇ ಮಾಡಬೇಕು ಅಂತ ನಾನೂ ಹೇಳ್ತಿಲ್ಲ. ಕೆಲಸ ಹತ್ತು ಕೈಯದ್ದಾದ ಮೇಲೆ ಚೀಟಿಯಲ್ಲಿ ಹೆಸರು ಒಂದೇ ಯಾಕೆ ಅಂತ ಕೇಳ್ತಿದ್ದೀನಿ.

ಈಗ ನಮ್ಮ ದೇಶಕ್ಕೆ ಬನ್ನಿ. ಉತ್ತರ ಪ್ರದೇಶದ ಫಿರೋಜಾಬಾದ್. ನಮ್ಮ ಅಕ್ಕ-ತಂಗಿಯರು ಜಾತ್ರೆಯಲ್ಲಿ ತೊಡೋ ಗಾಜಿನ ಬಳೆಗಳ ದೊಡ್ಡ ತವರು ಅದು. ಮುಸ್ಲಿಮರು, ದಲಿತರು, ಹಿಂದುಳಿದವರು ಅಲ್ಲಿ ಕುಲುಮೆಯ ಮುಂದೆ ದುಡೀತಾರೆ. ಕಾರ್ಖಾನೆಯಿಂದ ಬಂದ ಬಳೆಯ ತುದಿಗಳನ್ನು ಹೆಂಗಸರು ಮನೆಯಲ್ಲೇ ಕೂತು, ಉರಿಗೆ ಹಿಡಿದು ಬೆಸೀತಾರೆ. ಸುಡೋದು ಅವರ ಬೆರಳು, ಸೋಲೋದು ಅವರ ಕಣ್ಣು.

ಫ್ರಾನ್ಸಿನ ಕಲಾವಿದ ಝಾನ್ ಮಿಷೆಲ್ ಒತೋನಿಯೆಲ್ ಇದೇ ಊರಿನಲ್ಲಿ ಗಾಜಿನ ಇಟ್ಟಿಗೆ ಮಾಡಿಸಿದರು. 2021ರಲ್ಲಿ ಪ್ಯಾರಿಸ್ಸಿನ ಪೆಟಿ ಪ್ಯಾಲೆ ಮ್ಯೂಸಿಯಮ್ಮಿನಲ್ಲಿ ಆ ನೀಲಿ ಇಟ್ಟಿಗೆಗಳು ನದಿಯ ಹಾಗೆ ಹರಡಿಕೊಂಡವು. ಅವರು ಫಿರೋಜಾಬಾದಿನ ಹೆಸರು ಹೇಳ್ತಾರೆ, ಮೆಚ್ಚೋಣ. ಆದರೆ ಗಾಜು ಊದೋದು ಊರಲ್ಲ ಸ್ವಾಮಿ, ಮನುಷ್ಯ. ಆ ಮನುಷ್ಯನಿಗೂ ಒಂದು ಹೆಸರಿದೆ.

‘ಕಲೆಯಲ್ಲೂ ಜಾತಿ ತರ್ತೀರಾ?’ ಅಂತ ಕೇಳೋರು ಇದ್ದೇ ಇರ್ತಾರೆ. ನಾವು ತಂದಿದ್ದಲ್ಲ, ಅದು ಮೊದಲೇ ಅಲ್ಲಿತ್ತು. ಜಾತಿ ಹಂಚೋದು ಬರೀ ಕೆಲಸವನ್ನಲ್ಲ, ದುಡಿಯೋ ಜನರನ್ನೇ ಮೇಲೆ ಕೆಳಗೆ ಮಾಡಿ ಒಡೆಯುತ್ತೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಯೋಚಿಸಿದವನು ‘ಕಲಾವಿದ’, ಮಾಡಿದವನು ‘ಕುಶಲಕರ್ಮಿ’ ಅನ್ನೋದು ಅದೇ ಮೆಟ್ಟಿಲು. ಮೇಲಿನವನಿಗೆ ಹೆಸರು, ಕೆಳಗಿನವನಿಗೆ ಕುಲಕಸುಬಿನ ಹೊಗಳಿಕೆ! ಆ ಹೊಗಳಿಕೆಯಿಂದ ಮಕ್ಕಳ ಫೀಸು ಕಟ್ಟೋಕಾಗಲ್ಲ.

ನಾನು ಗುಮಾಸ್ತ. ಮಸ್ಟರ್ ರೋಲ್‌ನಲ್ಲಿ ಹೆಸರಿಲ್ಲದ ಕೂಲಿಯವನು ಪರಿಹಾರ ಕೇಳೋಕೂ ಆಗಲ್ಲ ಅನ್ನೋದು ನನಗೆ ಗೊತ್ತು. ಹೆಸರು ಅಂದರೆ ಬರೀ ಗೌರವ ಅಲ್ಲ, ಹಕ್ಕಿನ ಮೊದಲ ದಾಖಲೆ.

‘ಅಷ್ಟೊಂದು ಹೆಸರು ಹೇಗೆ ಬರೆಯೋದು?’ ಅಂತೀರಾ? ಸಿನಿಮಾ ಮುಗಿದ ಮೇಲೆ ಲೈಟ್ ಯೂನಿಟ್‌ನವರ ಹೆಸರು ತೆರೆ ಮೇಲೆ ಬರಲ್ವಾ? ಗ್ಯಾಲರಿಯ ಗೋಡೆ ಅಷ್ಟು ಚಿಕ್ಕದಾ?

ನಮ್ಮ ಬೇಡಿಕೆ ಸರಳ. ಚೀಟಿಯಲ್ಲಿ ಊದಿದವರ, ಬೆಸೆದವರ, ವೈರು ಎಳೆದವರ ಹೆಸರು ಬರೀರಿ. ಕೃತಿ ಮತ್ತೆ ಮಾರಾಟವಾದಾಗ ಅವರಿಗೂ ಪಾಲು ಕೊಡಿ. ಮುಂದಿನ ಸಲ ಪ್ರದರ್ಶನಕ್ಕೆ ಹೋಗೋ ಗೆಳೆಯರೇ, ಸೆಲ್ಫಿಗೆ ಮೊದಲು ಅಲ್ಲಿರೋ ಮೇಲ್ವಿಚಾರಕರನ್ನು ಒಂದು ಪ್ರಶ್ನೆ ಕೇಳಿ: ಇದನ್ನು ಮಾಡಿದ್ದು ಯಾರು?

ಜೈ ಭೀಮ್.