ಯುವಕರಿಗೇಕೆ ಆಸ್ಪತ್ರೆಯ ಚಿಂತೆ?



ಕಳೆದ ಭಾನುವಾರ ಎರಡನೇ ಪೂಜೆಯ ಬಳಿಕ ನಮ್ಮ ಯುವಜನ ಸಂಘದವರು ಚರ್ಚಿನ ಜಗಲಿಯಲ್ಲಿ ಮೇಜು ಹಾಕಿ ಒಂದು ಮನವಿಗೆ ಸಹಿ ಸಂಗ್ರಹಿಸಿದ್ದನ್ನು ತಾವು ಕಂಡಿದ್ದೀರಿ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಹಗಲಿರುಳು ತುರ್ತು ಚಿಕಿತ್ಸೆ ಸಿಗಬೇಕು, ಕೇರಳದ ಚಿಕಿತ್ಸಾ ಕಾರ್ಡಿಗೆ ಮಂಗಳೂರಿನ ಹೆಚ್ಚು ಆಸ್ಪತ್ರೆಗಳಲ್ಲಿ ಮಾನ್ಯತೆ ದೊರೆಯಬೇಕು ಎಂಬುದು ಅದರ ಸಾರ. ಸಹಿ ಹಾಕದೆ ಹೋದ ಹಿರಿಯರೊಬ್ಬರು ನಮ್ಮ ಬಳಿ ಬಂದು, "ಫಾದರ್, ಈ ಮಕ್ಕಳಿಗೆ ಒಂದು ಜ್ವರವೂ ಬರುವುದಿಲ್ಲ. ಆಸ್ಪತ್ರೆಯ ಚಿಂತೆ ನಮ್ಮಂಥ ಮುದುಕರಿಗೆ. ಇವರು ತೋಟದ ಕೆಲಸ ನೋಡಲಿ" ಎಂದರು. ಚರ್ಚಿನ ಜಗಲಿ ರಾಜಕೀಯಕ್ಕಲ್ಲ ಎಂಬ ಮಾತೂ ಕೇಳಿಬಂತು.

ಸತ್ಯ ಹೇಳಬೇಕಾದರೆ ಕೆಲವು ವರ್ಷಗಳ ಹಿಂದೆ ನಾವೂ ಹಾಗೆಯೇ ಎಣಿಸುತ್ತಿದ್ದೆವು. ರೋಗಿಯ ಮನೆಗೆ ಹೋಗಿ ಪ್ರಾರ್ಥಿಸುವುದು, ಪೂಜೆಯಲ್ಲಿ ವಿಶೇಷ ಕಾಣಿಕೆ ಎತ್ತುವುದು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಮೂಲಕ ಅಷ್ಟಿಷ್ಟು ಕೊಡಿಸುವುದು, ಇಷ್ಟಾದರೆ ನಮ್ಮ ಪಾಲಿನ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆವು. ಆ ತಿಳಿವಳಿಕೆ ಬದಲಾದುದು ಒಂದು ಮಳೆಗಾಲದಲ್ಲಿ.

ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳು. ನಮ್ಮ ಒಂದು ವಾಳೆಯ ಇಪ್ಪತ್ತಾರರ ಯುವಕ ಸಂಜೆಯ ಹೊತ್ತಿಗೆ ಅಡಿಕೆ ಮರದಿಂದ ಜಾರಿ ಬಿದ್ದ. ಗಾಬರಿಯಲ್ಲಿ ಗೆಳೆಯರು ಅವನನ್ನು ಕೈಕಾಲು ಹಿಡಿದೆತ್ತಿ ಪಿಕಪ್ಪಿಗೆ ಹಾಕಿದರು. (ಹಾಗೆ ಎತ್ತಬಾರದು. ಬಿದ್ದವನ ಕುತ್ತಿಗೆ, ಬೆನ್ನು ಬಾಗದಂತೆ ನಾಲ್ಕು ಜನ ಒಟ್ಟಿಗೆ ಹಿಡಿದು ಹಲಗೆಯ ಮೇಲೋ ಕಳಚಿದ ಬಾಗಿಲಿನ ಮೇಲೋ ಮಲಗಿಸಬೇಕು. ತೋಟವಿರುವ ಪ್ರತಿ ಮನೆಯವರೂ ಇದನ್ನು ತಿಳಿದಿರಬೇಕು.) ಮೊದಲು ಹೋದ ಆಸ್ಪತ್ರೆಯಲ್ಲಿ ರಾತ್ರಿ ಸ್ಕ್ಯಾನ್ ಮಾಡುವವರಿಲ್ಲ. ಎರಡನೆಯದರಲ್ಲಿ ಎಲುಬಿನ ತಜ್ಞರಿಲ್ಲ. ಮಂಗಳೂರು ಮುಟ್ಟುವಾಗ ನಡುರಾತ್ರಿ. ಅಲ್ಲಿ ನಮ್ಮ ಕಾರ್ಡು ನಡೆಯುವುದಿಲ್ಲವೆಂದರು. ಮುಂಗಡ ಕಟ್ಟಲು ಒಬ್ಬ ತನ್ನ ಬೈಕನ್ನು, ಇನ್ನೊಬ್ಬ ಹೆಂಡತಿಯ ಸರವನ್ನು ಅಡವಿಟ್ಟ. ಬಿದ್ದವನು ಬದುಕಿದ್ದಾನೆ, ಆದರೆ ಮತ್ತೆ ಮರ ಹತ್ತಲಾರ. ಅವನ ಮಗುವಿಗೆ ಆಗ ಎರಡು ವರ್ಷ. ಸಹಿ ಸಂಗ್ರಹಕ್ಕೆ ಮೇಜು ಹಾಕಿದವರಲ್ಲಿ ಮೂವರು ಆ ರಾತ್ರಿ ಪಿಕಪ್ಪಿನಲ್ಲಿದ್ದವರು.

ರೋಗ ಹಿರಿಯರಿಗೆ ಬರಲಿ, ಕಿರಿಯರಿಗೆ ಬರಲಿ, ಹೊರುವವರು ಇವರೇ ತಾನೇ? ಗಾಡಿ ಓಡಿಸುವವರು, ರಕ್ತ ಕೊಡುವವರು, ಸೊಸೈಟಿಯ ಸಾಲಕ್ಕೆ ಜಾಮೀನು ನಿಲ್ಲುವವರು ಇವರು. ಮಲಯಾಳ ಮಾತ್ರ ಬಲ್ಲ ವೈದ್ಯರೆದುರು ಕನ್ನಡವೋ ಕೊಂಕಣಿಯೋ ಮಾತ್ರ ಬಲ್ಲ ಅಜ್ಜಿಯ ಎದೆನೋವನ್ನು ವಿವರಿಸುವವಳು ರಜೆ ಹಾಕಿ ಬಂದ ಮೊಮ್ಮಗಳು.

ಕಾರ್ಡಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಸಣ್ಣ ಮಾತಲ್ಲ. ಆದರೆ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಷ್ಟೇ ಅದಕ್ಕೆ ಬೆಲೆ. ಗಡಿಯಾಚೆ ವಿಟ್ಲದ ಕಡೆ ಇರುವ ನಮ್ಮ ನೆಂಟರಿಗೆ ಸಹಕಾರಿ ಸಂಘಗಳ ಮೂಲಕ ಯಶಸ್ವಿನಿ ಯೋಜನೆ 2003ರಲ್ಲೇ ಬಂತು, 2018ರಲ್ಲಿ ನಿಂತಿತು, 2022ರಲ್ಲಿ ಮತ್ತೆ ಘೋಷಣೆಯಾಯಿತು. ಅದು ನಮಗಿಲ್ಲ. ತೋಟ ಒಂದೇ ಬಗೆಯದು, ಕೊಳೆರೋಗವೂ ಒಂದೇ, ಕಾರ್ಡು ಬೇರೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರ ಕಂಗೆಟ್ಟಾಗ ಎರಡು ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು, ವಾರಣಾಶಿ ಸುಬ್ರಾಯ ಭಟ್ಟರು ಅದಕ್ಕೆ ನಾಯಕತ್ವ ಕೊಟ್ಟರು. ಅಡಿಕೆಗೆ ಸಾಧ್ಯವಾದುದು ಅಡಿಕೆ ಬೆಳೆಯುವವನ ದೇಹಕ್ಕೆ ಏಕೆ ಸಾಧ್ಯವಾಗದು ಎಂದು ಈ ಹುಡುಗರು ಕೇಳುತ್ತಾರೆ. ನಮ್ಮಲ್ಲಿ ಉತ್ತರವಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದದ್ದನ್ನು ಯಾರೂ ಮರೆತಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರವುಗೊಳಿಸಬೇಕೆಂದು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಮಂಗಳೂರಿಗೆ ಹೋಗಲಾರದೆ ಈ ಜಿಲ್ಲೆಯ ಹಲವು ರೋಗಿಗಳು ಪ್ರಾಣಬಿಟ್ಟರು. ಸೋಂಕಿನ ಭಯ ಅವರಿಗೂ ಇತ್ತೆಂದು ನಾವು ಒಪ್ಪುತ್ತೇವೆ. ಆದರೆ ಐವತ್ತು ಕಿಲೋಮೀಟರ್ ಆಚೆಯ ಊರನ್ನೇ ನಂಬಿ ಒಂದು ಜಿಲ್ಲೆ ಬದುಕುವುದು ಎಷ್ಟು ಅಪಾಯವೆಂದು ನಮ್ಮ ಮಕ್ಕಳು ಆಗ ಕಣ್ಣಾರೆ ಕಂಡರು. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಕಲ್ಲು ಹಾಕಿದ್ದು 2013ರ ನವೆಂಬರಿನಲ್ಲಿ. ಅಲ್ಲಿ ಮೊದಲ ರೋಗಿ ಮಲಗಿದ್ದು 2020ರ ಏಪ್ರಿಲಿನಲ್ಲಿ, ಅದೂ ಕೊರೋನಾ ಕಾರಣದಿಂದ. ಹೊರರೋಗಿ ವಿಭಾಗ 2022ರಲ್ಲಿ, 50 ಎಂ.ಬಿ.ಬಿ.ಎಸ್. ಸೀಟುಗಳಿಗೆ ಅನುಮತಿ 2025ರಲ್ಲಿ. ಕಲ್ಲು ಹಾಕಿದ ವರ್ಷ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಪ್ಲಸ್ ಟು ಮುಗಿಸಿತ್ತು.

ಇನ್ನು ಎಂಡೋಸಲ್ಫಾನ್. ಟೀ ಸೊಳ್ಳೆಯ ಕಾಟಕ್ಕೆಂದು ಸರಕಾರಿ ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ, 2000ದ ತನಕ, ಹೆಲಿಕಾಪ್ಟರಿನಿಂದ ಆ ವಿಷ ಸುರಿಯಿತು. ಎಣ್ಮಕಜೆಯ ವಾಣಿನಗರದಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ಎಂಬ ವೈದ್ಯರಿದ್ದುದರಿಂದ, ಅವರು ವರ್ಷಗಟ್ಟಲೆ ಅದೇ ಮನೆಗಳ ರೋಗಿಗಳನ್ನು ನೋಡುತ್ತ ಬಂದುದರಿಂದ, ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ರೋಗವೇಕೆ ಎಂಬ ಪ್ರಶ್ನೆ ಎದ್ದಿತು. ಶ್ರೀ ಪಡ್ರೆಯವರಂಥ ಕೃಷಿ ಪತ್ರಕರ್ತರು ಬರೆದರು. ಹಳ್ಳಿಯಲ್ಲಿ ವೈದ್ಯರಿರಬೇಕೆಂದು ನಾವು ಹೇಳುವುದು ಕೇವಲ ಮಾತ್ರೆ ಕೊಡುವುದಕ್ಕಲ್ಲ, ಹೀಗೆ ಕಾಣುವುದಕ್ಕೂ ಹೌದು. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಪ್ರತಿ ಸಂತ್ರಸ್ತರಿಗೂ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ 3,704 ಜನರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಅದೇ ವರ್ಷ ಅಕ್ಟೋಬರಿನಲ್ಲಿ ಸಮಾಜಸೇವಕಿ ದಯಾಬಾಯಿ ಇಳಿವಯಸ್ಸಿನಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕುಳಿತರು. ಕಾಸರಗೋಡಿನ ಆಸ್ಪತ್ರೆಗಳಿಗಾಗಿ ಉಪವಾಸ ಮಾಡಲು ಪಾಲಾದ ಹೆಣ್ಣುಮಗಳು ಬರಬೇಕಾಯಿತು!

ನಮ್ಮ ಯುವಜನರಲ್ಲಿ ಒಬ್ಬಾಕೆಯ ಅಣ್ಣ ಆ ಸಿಂಪಡಣೆಯ ವರ್ಷಗಳಲ್ಲಿ ಹುಟ್ಟಿದವನು, ಹಾಸಿಗೆ ಬಿಟ್ಟು ಎದ್ದವನಲ್ಲ. ತಾಯಿಗೆ ಈಗ ಅವನನ್ನು ಎತ್ತಿ ಸ್ನಾನ ಮಾಡಿಸುವ ಬಲವಿಲ್ಲ. "ಅಮ್ಮನ ನಂತರ ಅಣ್ಣ ನನ್ನವನೇ ಫಾದರ್, ಆ ಲೆಕ್ಕ ಹಾಕಿಯೇ ಮದುವೆಗೆ ಒಪ್ಪಬೇಕು" ಎಂದು ಆಕೆ ಒಮ್ಮೆ ನಮ್ಮಲ್ಲಿ ಹೇಳಿದಳು. ಎರಡು ಸಂಬಂಧ ಈ ಮಾತಿಗೇ ಮುರಿದುಹೋದವು. ಆಕೆಗೆ ಆಸ್ಪತ್ರೆಯ ಚಿಂತೆ ಏಕೆಂದು ಕೇಳಲು ನಮಗೆ ಬಾಯಿ ಬರುವುದಿಲ್ಲ.

ನರ್ಸಿಂಗ್ ಕಲಿತ ನಮ್ಮ ಹೆಣ್ಣುಮಕ್ಕಳ ಮಾತನ್ನೂ ಸೇರಿಸಬೇಕು. 2017ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು ಮುಷ್ಕರ ಹೂಡಿದ್ದರಿಂದಲೇ 2018ರಲ್ಲಿ 20,000 ರೂಪಾಯಿ ಕನಿಷ್ಠ ವೇತನ ಗೊತ್ತಾಯಿತು. ಧರ್ಮಸಭೆಯ ಆಸ್ಪತ್ರೆಗಳೂ ಆ ಪ್ರಶ್ನೆಯಿಂದ ಹೊರತಾಗಿರಲಿಲ್ಲ, ಅದನ್ನು ಮುಚ್ಚಿಡುವುದು ಬೇಡ.

ಚರ್ಚಿನ ಜಗಲಿಯ ಆಕ್ಷೇಪಕ್ಕೆ ನಮ್ಮ ಉತ್ತರ ಇಷ್ಟೇ. ದಯಾಳು ಸಮಾರ್ಯದವನ ಸಾಮತಿಯ ಮೇಲೆ ಎಷ್ಟೋ ಪ್ರಸಂಗ ಮಾಡಿದ್ದೇವೆ. ಅವನ ಕರುಣೆಯನ್ನು ಹೊಗಳಿದ್ದೇವೆ, ಎಣ್ಣೆ ದ್ರಾಕ್ಷಾರಸವನ್ನೂ ವಿವರಿಸಿದ್ದೇವೆ. ಆ ದಾರಿಯಲ್ಲಿ ಒಂದು ಛತ್ರವಿತ್ತು, ಗಾಯಾಳುವನ್ನು ಒಳಗೆ ಸೇರಿಸಿಕೊಳ್ಳುವವನೊಬ್ಬನಿದ್ದ ಎಂಬುದನ್ನು ಮಾತ್ರ ಒಮ್ಮೆಯೂ ಎತ್ತಿ ಹೇಳಿರಲಿಲ್ಲ. ಆ ಮಳೆಗಾಲದ ರಾತ್ರಿ ನಮ್ಮ ಹುಡುಗರಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ಛತ್ರ ದೂರವಿತ್ತು.

ಬರುವ ಭಾನುವಾರ ಎರಡೂ ಪೂಜೆಗಳ ಬಳಿಕ ಮೇಜು ಅದೇ ಜಗಲಿಯಲ್ಲಿರುವುದು. ನಾವು ಸಹಿ ಹಾಕಿದ್ದೇವೆ. ಮೊದಲ ವಾರ ಮನವಿ ಮಲಯಾಳದಲ್ಲಿ ಮಾತ್ರ ಇದ್ದುದರಿಂದ ಕೆಲವರು ಓದಲಾಗದೆ ಹಿಂದೆ ಸರಿದರೆಂದು ತಿಳಿಯಿತು. ಈ ಸಲ ಕನ್ನಡದ ಪ್ರತಿಯೂ ಇರುತ್ತದೆ. ಕಾರ್ಡು ನವೀಕರಿಸದವರು ರೇಷನ್ ಕಾರ್ಡು, ಆಧಾರ್ ಕಾರ್ಡು ತಂದರೆ ಯುವಜನರೇ ನೋಡಿ ಮುಂದೇನು ಮಾಡಬೇಕೆಂದು ತಿಳಿಸುವರು.